ಖಾಲಿ ಉಳಿದ ಏಳು ಚೌಕ

ಬಸವನಗುಡಿಯ ದೇವಸ್ಥಾನದ ಸ್ಟಾಪಿನಲ್ಲಿ ಬಸ್ಸಿನಿಂದ ಇಳಿದ ಮೇಲೆ ಯಾವ ಕಾಲು ಕುಂಟಬೇಕೆಂಬುದು ಚನ್ನಬಸವಯ್ಯನಿಗೆ ಒಂದು ಕ್ಷಣ ನೆನಪಾಗಲಿಲ್ಲ. ಬಸ್ಸು ಹೊಗೆ ಉಗುಳಿ ಮುಂದೆ ಹೋಯಿತು. ಅವನು ಕೊಡೆಯನ್ನು ನೆಲಕ್ಕೆ ಊರಿ, ಚಪ್ಪಲಿಯಲ್ಲಿ ಕಲ್ಲು ಸಿಕ್ಕಿಕೊಂಡವನಂತೆ ಬಗ್ಗಿ ನಿಂತ. ಎಡಗಾಲು. ಡಾಕ್ಟರು ಸರ್ಟಿಫಿಕೇಟಿನಲ್ಲಿ ಬರೆದುಕೊಟ್ಟದ್ದು ಎಡಮಂಡಿ. ಹಾಗಿದ್ದರೆ ನಿನ್ನೆ ಸೂಪರಿಂಟೆಂಡೆಂಟರ ಕೋಣೆಯಿಂದ ಹೊರಗೆ ಬರುವಾಗ ಬಲಗಾಲು ಎಳೆದದ್ದು ಯಾಕೆ? ಬದರಿನಾಥರು ಕನ್ನಡಕದ ಮೇಲಿನಿಂದ ನೋಡಿದ್ದರು. ಅವರು ನೋಡಿದ್ದು ಕಾಲನ್ನೋ ಕೈಯಲ್ಲಿದ್ದ ಫೈಲನ್ನೋ ಎಂದು ಆಗಿನಿಂದ ತಲೆ ಕೆಡಿಸಿಕೊಂಡಿದ್ದ. ಬೆಳಿಗ್ಗೆ ಜಯನಗರದ ಮನೆಯಲ್ಲಿ ಉಪ್ಪಿಟ್ಟು ಬಡಿಸುತ್ತಾ ಹೆಂಡತಿ ಸರ್ವಮಂಗಳಾ, "ನೀವು ಮನೇಲಿ ಕುಂಟಲ್ಲ, ಆಫೀಸಲ್ಲಿ ಕುಂಟ್ತೀರ. ಬೀದೀಲಿ ಏನ್ ಮಾಡ್ತೀರ?" ಎಂದು ಕೇಳಿದ್ದಳು. ದನಿಯಲ್ಲಿ ಕೊಂಕಿರಲಿಲ್ಲ, ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು. ಒಂದೂವರೆ ವರ್ಷದಿಂದ ನಟಿಸಿದ ನೋವು ಈಚೆಗೆ ಕೆಲವು ಮುಂಜಾವುಗಳಲ್ಲಿ ನಿಜವಾಗಿಯೂ ಬರುತ್ತಿತ್ತು. ಹಾಸಿಗೆಯಲ್ಲಿ ಕಾಲು ಮಡಿಸಿದರೆ ಮಂಡಿಯೊಳಗೆ ಏನೋ ಚಳಕ್ ಎನ್ನುತ್ತಿತ್ತು. ಅಂಥ ದಿನ ಅವನಿಗೆ ಕಳೆದುಹೋದ ರಸೀದಿ ಸಿಕ್ಕವನ ಹಾಗೆ ಸಮಾಧಾನವಾಗುತ್ತಿತ್ತು.

ದೇವಸ್ಥಾನದಿಂದ ಹನುಮಂತನಗರದ ಗುಡ್ಡವನ್ನು ಬಳಸಿ, ಹೊಸಕೆರೆಹಳ್ಳಿಯ ಕಡೆಗೆ ಇಳಿಯುವ ಮಣ್ಣುದಾರಿಯಲ್ಲಿ ಮುಕ್ಕಾಲು ಮೈಲಿ ನಡೆದರೆ ತೋಟ. ರೇಷ್ಮೆ ವ್ಯಾಪಾರಿ ಶಂಭುಲಿಂಗಪ್ಪನವರು ಸಾಯುವ ಮುಂಚೆ ಬರೆದಿಟ್ಟ ಜಮೀನಿನಲ್ಲಿ ಟ್ರಸ್ಟಿನವರು ಎಬ್ಬಿಸಿದ ಸಸ್ಯೋದ್ಯಾನ. ಲಾಲ್‌ಬಾಗ್ ಇಷ್ಟು ಹತ್ತಿರ ಇರುವಾಗ ಇದನ್ನು ನೋಡಲು ಯಾರು ಬರಬೇಕು ಎಂಬ ಪ್ರಶ್ನೆ ಸೂಪರಿಂಟೆಂಡೆಂಟ್ ಬದರಿನಾಥರನ್ನು ಹತ್ತು ವರ್ಷ ಕಾಡಿತ್ತು. ಕೊನೆಗೆ ಅವರಿಗೆ ಹೊಳೆದದ್ದು ದೇಶದಲ್ಲಿ ಬೇರೆಲ್ಲೂ ಇಲ್ಲದ್ದು. ಸಮುದ್ರದ ನಡುವೆ ಒಂದು ದ್ವೀಪ, ದ್ವೀಪದ ನಡುವೆ ಹನ್ನೊಂದು ಸಾವಿರ ಅಡಿಯ ಬೆಟ್ಟ. ಆ ಬೆಟ್ಟದ ನೆತ್ತಿಯ ಮೂವತ್ತಡಿ ಅಗಲ ಮೂವತ್ತಡಿ ಉದ್ದದ ಒಂದು ತುಂಡನ್ನು ಅದರ ಗಿಡ, ಪಾಚಿ, ಕಲ್ಲು, ಮೋಡದ ಸಮೇತ ಇಲ್ಲಿ ತಂದು ನಿಲ್ಲಿಸುವುದು. ಆ ದ್ವೀಪದ ಹೆಸರು ಆಫೀಸಿನಲ್ಲಿ ಯಾರ ನಾಲಗೆಗೂ ಹೊರಳುತ್ತಿರಲಿಲ್ಲ. ಎಲ್ಲರೂ ‘ಐಲ್ಯಾಂಡ್’ ಎನ್ನುತ್ತಿದ್ದರು. ಅಲ್ಲಿಗೆ ಹೋಗಿ ಗಿಡ ತರಬೇಕಾಗಿದ್ದವನು ಚನ್ನಬಸವಯ್ಯ. ಸರ್ವಿಸಿನಲ್ಲಿ ಅವನೇ ಹಿರಿಯ, ಆರ್ಡರೂ ಅವನ ಹೆಸರಿಗೇ ಟೈಪಾಗಿತ್ತು. ಆರ್ಡರು ಕೈಗೆ ಬಂದ ದಿನವೇ ಅವನು ಹೆದರಬೇಕಾದದ್ದನ್ನೆಲ್ಲ ಎಣಿಸತೊಡಗಿದ್ದ. ಹಡಗು, ನೀರು, ಗುರುತಿಲ್ಲದವರ ಎದುರು ಮುಳ್ಳುಚಮಚ ಹಿಡಿದು ಕೂರಬೇಕಾದ ಊಟದ ಮೇಜು, ತನ್ನ ಇಂಗ್ಲಿಷು ಅರ್ಧಕ್ಕೆ ನಿಂತಾಗ ಎದುರಿನವರು ತೋರಿಸುವ ತಾಳ್ಮೆ. ಬೆಟ್ಟ ಅವನಿಗೆ ಕಡೆಯದಾಗಿ ನೆನಪಾಗಿತ್ತು. ಚಾಮರಾಜಪೇಟೆಯ ಒಬ್ಬ ಡಾಕ್ಟರ ಹತ್ತಿರ ಕೀಲುವಾತವೆಂದು ಬರೆಸಿಕೊಂಡು ಬಂದ. ಅವನ ಬದಲಿಗೆ ಹೋದವನು ವೆಂಕಟಾಚಲ, ಅವನಿಗಿಂತ ಒಂಬತ್ತು ವರ್ಷ ಚಿಕ್ಕವನು, ಮದುವೆಯಾಗಿ ಮೂರು ವರ್ಷ ಆಗಿತ್ತು. ಹೊರಡುವ ದಿನ ಸಿಟಿ ಸ್ಟೇಷನ್ನಿನಲ್ಲಿ ಚನ್ನಬಸವಯ್ಯನ ಕೈಯಿಂದ ಹಾರದ ಬುಟ್ಟಿಯನ್ನು ಕಿತ್ತುಕೊಂಡು, "ನೀವು ನಿಂತ್ಕೋಬೇಡಿ ಸಾರ್, ಆ ಬೆಂಚ್ ಮೇಲೆ ಕೂತ್ಕೊಳ್ಳಿ, ಕಾಲಿಗೆ ತೊಂದರೆ," ಎಂದಿದ್ದ. ರೈಲು ಹೋಗುವವರೆಗೆ ಚನ್ನಬಸವಯ್ಯ ಬೆಂಚಿನ ಮೇಲೆ ಕೂತೇ ಇದ್ದ.

ವೆಂಕಟಾಚಲ ಆ ಬೆಟ್ಟದ ನೆತ್ತಿಯನ್ನು ಹಗ್ಗ ಕಟ್ಟಿ ಮೂರಡಿಯ ನೂರು ಚೌಕಗಳಾಗಿ ಅಳೆದಿದ್ದ. ಹತ್ತು ಸಾಲು, ಸಾಲಿಗೆ ಹತ್ತು. ಒಂದೊಂದು ಚೌಕದಲ್ಲಿ ಏನೇನಿದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದ. ತೊಂಬತ್ತಮೂರನೆಯದು ಮುಗಿದ ಮಧ್ಯಾಹ್ನ ನೋಟ್‌ಬುಕ್ಕನ್ನೂ ಗಿಡದ ಪೆಟ್ಟಿಗೆಗಳನ್ನೂ ಹೊರೆಯಾಳುಗಳ ಕೈಯಲ್ಲಿ ಕೆಳಗಿನ ಬಿಡಾರಕ್ಕೆ ಕಳಿಸಿ, ಉಳಿದ ಏಳನ್ನು ನೋಡಿಕೊಂಡು ಬರುತ್ತೇನೆ ಎಂದು ಒಬ್ಬನೇ ಮೇಲೆ ಉಳಿದ. ಮಂಜು ಇಳಿಯಿತು. ಅವನು ಇಳಿಯಲಿಲ್ಲ. ಒಂಬತ್ತು ದಿನ ಹುಡುಕಿದರು. ಟೋಪಿ ಕೂಡ ಸಿಗಲಿಲ್ಲ. ಮತ್ತೊಮ್ಮೆ ಹುಡುಕಿಸಬೇಕೆಂಬ ಫೈಲು ಚೀನಾ ಯುದ್ಧದ ಗದ್ದಲದಲ್ಲಿ ಕಪಾಟಿನ ತಳ ಸೇರಿತು. ಅದಕ್ಕೂ ಮುಂಚೆಯೇ ಮದರಾಸಿನ ಬಂದರಿನಿಂದ ಪೆಟ್ಟಿಗೆಗಳು ಬಂದಿದ್ದವು. ಗಾಜಿನ ಮುಚ್ಚಳದ ಒಳಗೆ ಗಿಡಗಳು, ಬರೆದವನು ಇಲ್ಲವೆಂಬುದು ಗೊತ್ತಿಲ್ಲದೆ, ಹಸಿರಾಗಿ ಬದುಕಿದ್ದವು.

ಅವುಗಳಿಗೆಂದು ಕಟ್ಟಿದ ಗಾಜಿನ ಮನೆಗೆ ಹೊರಗಡೆ ಸುಣ್ಣ ಬಳಿದಿದ್ದರು, ಬಿಸಿಲು ಒಳಗೆ ಹಾಲಿನಂತೆ ಬೀಳಲೆಂದು. ಗೋಡೆಗುಂಟ ಲಾವಂಚದ ತಟ್ಟಿ. ತಟ್ಟಿಯ ಹಿಂದಿನ ತಗಡಿನ ತೊಟ್ಟಿಗಳಲ್ಲಿ ದಿನಕ್ಕೆರಡು ಸಲ ಫ್ಯಾಕ್ಟರಿಯಿಂದ ಬರುವ, ಮರದಪುಡಿ ಮೆತ್ತಿದ ಐಸಿನ ಗಡ್ಡೆಗಳು. ಅವುಗಳ ಮೇಲಿಂದ ಗಾಳಿ ಎಳೆಯುವ ನಾಲ್ಕು ಫ್ಯಾನು. ಬಾಗಿಲ ಹೊರಗೆ ಒಂದು ಹಿತ್ತಾಳೆಯ ಚಕ್ರ. ತಿರುಗಿಸಿದರೆ ಪಂಪು ಗುಂಯ್‌ಗುಟ್ಟಿ, ಸೂಜಿಮೊನೆಯಂಥ ನಳಿಕೆಗಳಿಂದ ಮಂಜು ಹೊರಟು ಎರಡು ನಿಮಿಷದಲ್ಲಿ ಮನೆ ತುಂಬುತ್ತಿತ್ತು. ಹೊರಗೆ ಏಪ್ರಿಲ್ಲಿನ ಬಿಸಿಲು ಮಣ್ಣನ್ನು ಹುರಿಯುತ್ತಿರುವಾಗ ಒಳಗೆ ಕಾಲಿಟ್ಟರೆ ಹಲ್ಲು ಕಟಕಟ ಎನ್ನುತ್ತಿತ್ತು. ಹತ್ತು ತಿಂಗಳಿಂದ ಚನ್ನಬಸವಯ್ಯ ನೋಟ್‌ಬುಕ್ಕನ್ನು ಎಡಗೈಯಲ್ಲಿ ಹಿಡಿದುಕೊಂಡು ಅಲ್ಲಿ ಬೆಟ್ಟ ಕಟ್ಟಿದ್ದ. ನಲವತ್ತೆರಡನೇ ಚೌಕ: ಮಂಡಿಯೆತ್ತರದ ಕಲ್ಲು, ಪೂರ್ವಕ್ಕೆ ವಾಲಿದೆ, ಅದರ ನೆರಳಲ್ಲಿ ಪಾಚಿ, ಕೈ ಇಟ್ಟರೆ ಮಣಿಕಟ್ಟಿನವರೆಗೆ ಇಳಿಯುತ್ತದೆ. ಐವತ್ತಾರು: ಕುಳ್ಳಮರ, ವಯಸ್ಸು ನನ್ನ ಅಜ್ಜನಷ್ಟಿರಬಹುದು, ಎತ್ತರ ನನ್ನ ಸೊಂಟದಷ್ಟು. ಎಪ್ಪತ್ತು: ಹೂಜಿಗಿಡ ಮೂರು. ಎಲೆಯ ತುದಿಯೇ ಹೂಜಿಯಾಗಿ ಬಾಯಿ ತೆರೆದು, ಒಳಗಿನ ನೀರಿಗೆ ಬಿದ್ದ ಇರುವೆ ನೊಣಗಳನ್ನು ಅವಸರವಿಲ್ಲದೆ ಕರಗಿಸಿಕೊಳ್ಳುವ ಗಿಡ. ಕಲ್ಲನ್ನು ಬರೆದ ಹಾಗೆ ವಾಲಿಸಲು ಕೆಲವೊಮ್ಮೆ ಇಡೀ ದಿನ ಹಿಡಿಯುತ್ತಿತ್ತು. ಇನ್ನೊಂದು ಗೇಣು, ಇನ್ನು ನಾಲ್ಕು ಬೆರಳು ಎಂದು ಹೊರಳಿಸುತ್ತಾ ಹೋಗಿ ಸರಿಯಾದ ಜಾಗಕ್ಕೆ ಬಂದಾಗ ಬೆನ್ನ ಹಿಂದೆ ಯಾರೋ ಉಸಿರು ಬಿಟ್ಟಂತಾಗುತ್ತಿತ್ತು. ಮೊದಲ ಸಲ ತಿರುಗಿ ನೋಡಿದ್ದ. ಆಮೇಲೆ ನೋಡುವುದನ್ನು ಬಿಟ್ಟು, ಆ ಉಸಿರಿಗೇ ಕಾಯತೊಡಗಿದ. ಅದು ಕೇಳಿಸದ ದಿನ ಕಲ್ಲು ಎಲ್ಲೋ ತಪ್ಪಿದೆ ಎಂದು ಅಳತೆ ತೆಗೆದರೆ, ತಪ್ಪಿರುತ್ತಿತ್ತು.

ತೋಟಕ್ಕೆ ಬಂದಾಗ ಮಾಲಿ ಬೈರಣ್ಣ ಗಾಜಿನ ಮನೆಯ ಮೆಟ್ಟಿಲ ಮೇಲೆ ಕೂತು ಬೀಡಿ ಆರಿಸುತ್ತಿದ್ದ. ಐವತ್ತು ದಾಟಿದ, ಹೊಸಕೆರೆಹಳ್ಳಿಯ ಹಳೆಯ ಒಕ್ಕಲು. ತೋಟದ ಈ ಮೂಲೆ ಒಂದು ಕಾಲಕ್ಕೆ ಅವನ ದೊಡ್ಡಪ್ಪನ ಹೊಲ.

"ಸಾರ್, ಒಂದ್ ಮಾತು," ಎಂದ ಬೈರಣ್ಣ. "ಎಂಬತ್ತೆಂಟರಲ್ಲಿ ಕೂತ್ಕೋಬ್ಯಾಡಿ. ಪಾಚಿ ಸಾಯ್ತದೆ."

"ನಾನೆಲ್ಲಿ ಕೂತೆ?"

"ಮತ್ಯಾರು ಕೂತ್ಕೊಂತಾರೆ? ಕೀಲಿ ಇರೋದು ನಿಮ್ಮತ್ರ, ನನ್ನತ್ರ. ದಿನಾ ಬೆಳಿಗ್ಗೆ ನೋಡ್ತೀನಿ, ಅದುಮಿರ್ತದೆ. ಒಬ್ಬ ಮನುಷ್ಯ ಕೂರೋವಷ್ಟು."

ಚನ್ನಬಸವಯ್ಯ ಇಷ್ಟು ದಿನ ಕೂರುವವನು ಬೈರಣ್ಣನೇ ಎಂದುಕೊಂಡು, ವಯಸ್ಸಾದವನು ಹೋಗಲಿ ಎಂದು ಬಿಟ್ಟಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈರಣ್ಣ ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ.

"ನಮ್ಮ ರಾಗಿ ಹೊಲ ಸಾರ್ ಇದು. ಈ ನೆಲಕ್ಕೆ ಚಳಿ ಅಂದ್ರೆ ಏನು ಅಂತಾನೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನ ತಂದು ಅದರ ಮ್ಯಾಲೆ ಹೇರಿದ್ರೆ ಅದೇನು ಅಂದ್ಕೊಂಡಾತು?"

ಚನ್ನಬಸವಯ್ಯ ಬಾಗಿಲು ತೆಗೆದು, ಕೀಲಿಯನ್ನು ಬೀಗದಲ್ಲೇ ಬಿಟ್ಟು ಒಳಗೆ ಹೋಗಿ ನೋಡಿದ. ಪಾಚಿ ಅದುಮಿತ್ತು. ಬಗ್ಗಿ ಅಂಗೈ ಇಟ್ಟ. ಸುತ್ತಲ ಪಾಚಿಯಷ್ಟೇ ತಣ್ಣಗಿತ್ತು, ಅದರಲ್ಲೇನೂ ವಿಶೇಷವಿರಲಿಲ್ಲ. ಆ ಕಡೆಗೆ, ತೊಂಬತ್ತಮೂರನೆಯ ಚೌಕದ ಹೂಜಿಗಿಡದ ಪಕ್ಕದಿಂದ ಶುರುವಾಗಿ, ಕೊನೆಯ ಸಾಲಿನ ಏಳು ಚೌಕಗಳು ಬರಿಯ ಜಲ್ಲಿಯಾಗಿ ಬಿದ್ದಿದ್ದವು. ಹದಿನೈದನೇ ತಾರೀಕು ಮಂತ್ರಿಗಳು ಬಂದು ಉದ್ಘಾಟನೆ ಮಾಡುವವರಿದ್ದರು. "ಅಲ್ಲಿ ಏನೋ ಒಂದಿಷ್ಟು ಪಾಚಿ ಹಾಕ್ರೀ, ಯಾರು ಎಣಿಸ್ತಾರೆ?" ಎಂದು ಬದರಿನಾಥರು ಮೂರು ಸಲ ಹೇಳಿಯಾಗಿತ್ತು. ಆಗಲಿ ಸಾರ್ ಎಂದು ಬಂದು, ಪಾಚಿಯ ಬುಟ್ಟಿ ಹಿಡಿದು ಜಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತರೆ ಕೈ ಮುಂದೆ ಹೋಗುತ್ತಿರಲಿಲ್ಲ. ಬರೆಯದ್ದನ್ನು ತುಂಬುವುದು ಸತ್ತವನ ಬಾಯಿಗೆ ಮಾತು ತುರುಕಿದಂತೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅದು ದೊಡ್ಡ ಮಾತು. ನಿಜವಾದ ಕಾರಣ ಕೋಟಿನ ಒಳಜೇಬಿನಲ್ಲಿ, ಎದೆಯ ಮೇಲಿನ ಲಿಂಗದ ಪಕ್ಕಕ್ಕೆ, ನಾಲ್ಕು ಮಡಿಕೆಯಾಗಿ ಕೂತಿತ್ತು.

ಹನ್ನೊಂದು ಗಂಟೆಗೆ ಕಮಲಾದೇವಿ ಬಂದಳು. ವೆಂಕಟಾಚಲನ ಹೆಂಡತಿ. ಗುರುವಾರ, ಅವಳು ಬರುವ ದಿನ. ನಾಲ್ಕು ತಿಂಗಳಿಂದ ಪ್ರತಿ ಗುರುವಾರ ಹನುಮಂತನಗರದಿಂದ ನಡೆದು ಬಂದು, ಗಾಜಿನ ಮನೆಯ ನಡುಹಾದಿಯಲ್ಲಿ ಅರ್ಧ ಗಂಟೆ ನಿಂತು, ಸಣ್ಣ ಸಣ್ಣ ವಿಷಯ ಕೇಳಿ ಹೋಗುತ್ತಿದ್ದಳು: ಈ ಕಲ್ಲು ಅವರು ಕೂತಿದ್ದಂಥದ್ದೇನಾ, ಇಷ್ಟು ಚಳಿಗೆ ಆ ಒಂದು ಸ್ವೆಟರು ಸಾಲುತ್ತಿತ್ತಾ. ಹಣೆಯಲ್ಲಿ ಕುಂಕುಮ ಹಾಗೇ ಇತ್ತು. ದೇಹ ಸಿಗದೆ ಕರ್ಮ ಹೇಗೆ ಮಾಡುವುದೆಂದು ಹಿರಿಯರಿಗೆ ತೀರ್ಮಾನಕ್ಕೆ ಬರಲಾಗಿರಲಿಲ್ಲ. ಅವಳು ಹೆಂಡತಿಯೂ ಅಲ್ಲದೆ ವಿಧವೆಯೂ ಅಲ್ಲದೆ ನೆಂಟರ ಮನೆಯ ಅರಿಸಿನ ಕುಂಕುಮದಿಂದ ದೂರ ಉಳಿದಿದ್ದಳು. ಚನ್ನಬಸವಯ್ಯ ಅವಳ ಹಣೆ ನೋಡದಂತೆ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದ. ಇವತ್ತು ಅವಳ ಕೈಯಲ್ಲಿ ಆ ನೋಟ್‌ಬುಕ್ಕಿತ್ತು. ಟೈಪು ಮಾಡಿಕೊಂಡಾಯಿತೆಂದು ಹೋದ ವಾರ ಬದರಿನಾಥರೇ ಅದನ್ನು ಅವಳಿಗೆ ಒಪ್ಪಿಸಿದ್ದರು.

"ಇದರಲ್ಲಿ ಒಂದು ಹಾಳೆ ಇಲ್ಲ," ಎಂದಳು.

"ಕೊನೇ ಏಳು ಚೌಕದ್ದು ಅವರು ಬರೀಲೇ ಇಲ್ಲಮ್ಮ."

"ಬರೀದೇ ಇರೋದಲ್ಲ. ಬ್ಲೇಡಲ್ಲಿ ಕೊಯ್ದಿದೆ. ಅದರ ಕೆಳಗಿನ ಹಾಳೆ ಮೇಲೆ ಪೆನ್ಸಿಲ್ ಒತ್ತಿದ ಗುರುತು ಉಳ್ಕೊಂಡಿದೆ. ಕಿಟಕೀಲಿ ಬೆಳಕಿಗೆ ಹಿಡಿದು ನೋಡಿದೆ. ಒಂದೇ ಒಂದು ಪದ ಓದೋಕೆ ಆಯ್ತು. ನಿಮ್ಮ ಹೆಸರು."

ಫ್ಯಾನುಗಳು ತಿರುಗುತ್ತಿದ್ದವು. ತೊಟ್ಟಿಯಲ್ಲಿ ಐಸಿನ ಗಡ್ಡೆಯೊಂದು ಸೀಳಿದ ಸದ್ದಾಯಿತು. ಸುಳ್ಳು ಹೇಳಲು ಸಮಯವಿತ್ತು; ಹೇಳಬೇಕಾದ ಸುಳ್ಳು ಕೂಡ ಸಿದ್ಧವಾಗಿತ್ತು, ತಿಂಗಳುಗಟ್ಟಲೆ ಮನಸ್ಸಿನಲ್ಲಿ ತಿದ್ದಿ ತೀಡಿದ್ದು. ಆದರೆ ಕೈ ತಾನಾಗಿಯೇ ಒಳಜೇಬಿಗೆ ಹೋಯಿತು. ಮಡಿಕೆಗಳಲ್ಲಿ ಸವೆದು ಬಟ್ಟೆಯಂತಾಗಿದ್ದ ಹಾಳೆಯನ್ನು ಅವಳು ತೆಗೆದುಕೊಂಡು ನಿಂತಲ್ಲೇ ಓದಿದಳು. ಅದರಲ್ಲಿ ಏನಿದೆಯೆಂದು ಅವನಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ‘ಚನ್ನಬಸವಯ್ಯನವರೆ, ಇಲ್ಲಿಯ ಹೊರೆಯಾಳುಗಳು ಮಂಡಿನೋವಿಗೆ ಒಂದು ಎಲೆ ಅರೆದು ಹಚ್ಚುತ್ತಾರೆ. ಒಬ್ಬ ಮುದುಕ ಅದರಿಂದಲೇ ಈಗಲೂ ಬೆಟ್ಟ ಹತ್ತುತ್ತೇನೆ ಎಂದ. ಹಾದಿಯ ಹತ್ತಿರ ಸಿಕ್ಕಿದ್ದನ್ನು ಮೂರನೇ ಪೆಟ್ಟಿಗೆಯಲ್ಲಿ ಒಣಗಿಸಿ ಇಟ್ಟಿದ್ದೇನೆ, ಇಷ್ಟು ಸಾಲದು. ಕೊನೆಯ ಸಾಲಿನ ಆಚೆ, ಬಂಡೆಯ ಅಂಚಿನಲ್ಲಿ ದಟ್ಟವಾಗಿದೆ. ಅಳತೆ ಮುಗಿಸಿಕೊಂಡು ಅದನ್ನೂ ಕಿತ್ತು ತರುತ್ತೇನೆ. ನಿಮಗೆ ಗುಣವಾದರೆ ಮುಂದಿನ ಸಲ ಇಬ್ಬರೂ ಬರೋಣ. ನೀವು ಇದನ್ನು ನೋಡಲೇಬೇಕು.’ ಪೆಟ್ಟಿಗೆ ಬಿಚ್ಚಿದ ದಿನ ಆ ಒಣಗಿದ ಎಲೆಯ ಕಟ್ಟು ಸಿಕ್ಕಿತ್ತು. ಆಫೀಸಿನ ಹಿಂದಿನ ಕಸದ ಗುಂಡಿಯಲ್ಲಿ ಅದನ್ನು ಸುಟ್ಟಿದ್ದ. ಹೊಗೆ ಕರ್ಪೂರದ ವಾಸನೆ ಹೊಡೆದಿತ್ತು. ಹಾಳೆಯನ್ನು ಯಾಕೆ ಸುಡಲಿಲ್ಲವೆಂದು ಅವನಿಗೆ ತಿಳಿದಿರಲಿಲ್ಲ.

ಕಮಲಾದೇವಿ ಎರಡನೆಯ ಸಲ ಓದಿದಳು. ಆಮೇಲೆ ತಲೆಯೆತ್ತಿ ಕೇಳಿದಳು: "ಯಾವ ಮಂಡಿ?"

ಎಡದ್ದು ಎಂಬ ಮಾತು ನಾಲಗೆಯ ತುದಿಗೆ ಬಂತು. "ಯಾವುದೂ ಅಲ್ಲಮ್ಮ," ಎಂದ.

ಅವಳ ಮುಖದಲ್ಲಿ ಏನೂ ಕದಲಲಿಲ್ಲ. ಬೈಯುತ್ತಾಳೆ, ಅಳುತ್ತಾಳೆ, ಕಪಾಳಕ್ಕೆ ಹೊಡೆಯುತ್ತಾಳೆ ಎಂದು ಅವನು ಕಾದ. ಆ ಕಾಯುವುದರಲ್ಲಿ ಒಂದು ಬಗೆಯ ಆಸೆಯೂ ಇತ್ತು. ಅವಳು ಹಾಳೆಯನ್ನು ಅದರದೇ ಮಡಿಕೆಗಳಲ್ಲಿ ಮಡಿಸಿ ನೋಟ್‌ಬುಕ್ಕಿನೊಳಗೆ ಇಟ್ಟಳು.

"ಬಂಡೆ ಅಂಚು ಇದರಲ್ಲಿ ಎಲ್ಲಿ ಬರುತ್ತೆ?"

ಅವನು ಜಲ್ಲಿಯ ಆಚೆ ತುದಿಯನ್ನು ತೋರಿಸಿದ.

"ಅಲ್ಲಿ ಹೋಗಿ ನಿಂತ್ಕೊಳ್ಳಿ."

ಅವನು ಹೋದ. ಖಾಲಿ ಚೌಕಗಳ ಮೇಲೆ ಕಾಲಿಟ್ಟದ್ದು ಅದೇ ಮೊದಲು. ತಿರುಗಿ ನಿಂತಾಗ ಅವಳು ಬಾಗಿಲ ಹತ್ತಿರ ಇದ್ದಳು. ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದು, ಬೀಗದ ಸದ್ದು. ಆಮೇಲೆ ಪಂಪು ಗುಂಯ್ ಎಂದಿತು.

ಮೊದಲು ಗಾಜು ಹೋಯಿತು, ಆಮೇಲೆ ನಡುಹಾದಿ, ಕುಳ್ಳಮರ, ಕೊನೆಗೆ ಅವನದೇ ಚಪ್ಪಲಿ. ಹತ್ತು ತಿಂಗಳು ಒಂದೊಂದು ಕಲ್ಲನ್ನೂ ಕೈಯಾರೆ ಹೊರಳಿಸಿದವನಿಗೆ ಇಲ್ಲಿ ಹೆದರುವಂಥದ್ದೇನಿದೆ? ನೇರ ಹತ್ತು ಹೆಜ್ಜೆಗೆ ಬಾಗಿಲು, ಗುದ್ದಿದರೆ ಬೈರಣ್ಣ ಬರುತ್ತಾನೆ. ನೇರ ಯಾವ ಕಡೆ ಎಂದು ಕೈ ಮುಂದೆ ಮಾಡಿ ನಾಲ್ಕು ಹೆಜ್ಜೆ ಇಟ್ಟ. ಪಾಚಿ ಸಿಗಬೇಕಾದಲ್ಲಿ ಜಲ್ಲಿ ಸಿಕ್ಕಿತು. ಎಡಕ್ಕೆ ತಿರುಗಿ ಮತ್ತೆ ನಾಲ್ಕು ಹೆಜ್ಜೆ, ಜಲ್ಲಿ. ಏಳು ಚೌಕದಲ್ಲಿ ಇಷ್ಟು ಜಲ್ಲಿ ಎಲ್ಲಿಂದ ಬರಬೇಕು? ಫ್ಯಾನಿನ ಸದ್ದು ಎಲ್ಲ ದಿಕ್ಕಿನಿಂದಲೂ ಬಂದು ಗಾಳಿಯ ಸದ್ದಾಗಿತ್ತು. ಅವನು ಕೂತುಬಿಟ್ಟ. ಕೂತ ಮೇಲೆ ಹೆದರಿಕೆ ಒಂದೇ ಸಮ ಇಳಿಯತೊಡಗಿದ್ದು ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಇಲ್ಲಿ ಯಾರಿಗೂ ಏನೂ ವಿವರಿಸಬೇಕಾಗಿರಲಿಲ್ಲ. ನೋಡುವವರಿರಲಿಲ್ಲವಾದ್ದರಿಂದ ಕಾಲಿಗೆ ತನ್ನ ಪಾಡಿಗೆ ಇರಲು ಬಿಡುವಾಗಿತ್ತು. ಆ ಬೆಟ್ಟದ ಮೇಲೆ ಅವನೂ ಹೀಗೇ ಕೂತಿರಬೇಕು ಎಂದುಕೊಂಡ. ಜಾರಿ ಬಿದ್ದನೆಂದೇ ಎಲ್ಲರೂ ಹೇಳುತ್ತಿದ್ದರು, ಬಿದ್ದಿರಲಾರ. ಮಂಜು ಸರಿಯಲಿ ಎಂದು ಬುಟ್ಟಿ ಪಕ್ಕಕ್ಕಿಟ್ಟು ಕೂತಿರುತ್ತಾನೆ, ಬುಟ್ಟಿಯ ತುಂಬ ಎಲೆ. ಸ್ಟೇಷನ್ನಿನ ಬೆಂಚಿನ ಮೇಲೆ ಕಾಲು ಚಾಚಿ ಕೂತ ಹಿರಿಯ ಸಹೋದ್ಯೋಗಿಯೊಬ್ಬನ ಮಂಡಿಯ ಯೋಚನೆ ಮಾಡುತ್ತಾ ಸಣ್ಣಗೆ ನಿದ್ದೆ ಹತ್ತಿರುತ್ತದೆ. ಅವನನ್ನು ಯಾರೂ ಹೆಸರು ಹಿಡಿದು ಕೂಗಿರಲಿಕ್ಕಿಲ್ಲ. ಹೊರೆಯಾಳುಗಳು ಸಾಹೇಬ ಎಂದು ಕೂಗಿರುತ್ತಾರೆ.

"ವೆಂಕಟಾಚಲ," ಎಂದು ಚನ್ನಬಸವಯ್ಯ ಕರೆದ.

"ಓ," ಎಂದಿತು.

ಕಮಲಾದೇವಿ ಹೊರಗಿನಿಂದ ಅಂದಳೆಂದು ಅವನು ತಿಳಿದ. ತನ್ನನ್ನು ಅಣಕಿಸುತ್ತಿದ್ದಾಳೆ, ಅಣಕಿಸಲಿ. ಮತ್ತೆ ಕರೆದ. ಮತ್ತೆ "ಓ" ಬಂತು, ತಗ್ಗಿದ ದನಿಯಲ್ಲಿ, ಬರೆಯುತ್ತಾ ಕೂತವನು ತಲೆಯೆತ್ತದೆ ಓಗೊಟ್ಟ ಹಾಗೆ. ಮೂರನೆಯ ಸಲ ಕರೆದಾಗ ಅದು ಕೆಳಗಿನಿಂದ ಬಂತು, ತುಂಬ ಕೆಳಗಿನಿಂದ, ಒಂದು ಕಣಿವೆ ದಾಟಿ ಬಂದಂತೆ. ಗಾಜಿನ ಮನೆಗೆ ಕೆಳಗೆ ಎಂಬುದೇ ಇರಲಿಲ್ಲ. ಜಲ್ಲಿ, ಅದರಡಿ ಬೈರಣ್ಣನ ದೊಡ್ಡಪ್ಪನ ರಾಗಿ ಹೊಲದ ಕೆಂಪು ಮಣ್ಣು. ನಾಲ್ಕನೆಯ ಸಲ ಅವನು ಕರೆಯಲಿಲ್ಲ.

ಬೈರಣ್ಣ ಬೀಗ ತೆಗೆದಾಗ ಹೊರಗೆ ಬಿಸಿಲು ವಾಲಿತ್ತು. ಚನ್ನಬಸವಯ್ಯ ಬಾಗಿಲಿನಿಂದ ಒಂದು ಮಾರು ದೂರದಲ್ಲೇ ಕೂತಿದ್ದ.

"ಏನ್ ಸಾರ್ ಹಿಂಗೆ ನೆಂದಿದೀರ? ಒಳಗೆ ಕೆಲಸ ಮಾಡ್ತಾವ್ರೆ, ಮೂರು ಗಂಟೆಗೆ ತೆಗಿ ಅಂತ ಆಯಮ್ಮ ಬೀಗದ ಕೈ ನನಗೆ ಕೊಟ್ಟು ಹೋದ್ರು."

"ಯಾವಾಗ ಹೋದ್ರು?"

"ಆಗಲೇ. ಪಂಪು ಹಾಕಿದ್ದೇ ಹೊಂಟ್ರು. ನಾನೇ ಗೇಟ್‌ತಂಕ ಬಿಟ್ಟು ಬಂದೆ."

ಚನ್ನಬಸವಯ್ಯ ಮೆಟ್ಟಿಲ ಮೇಲೆ ಕೂತ. ಬೆರಳುಗಳು ನೆನೆದು ಸುಕ್ಕುಗಟ್ಟಿದ್ದವು. "ನಾನು ಕೂಗಿದ್ದು ಕೇಳಿಸ್ತಾ?"

"ಕೇಳಿಸ್ತು. ಯಾರನ್ನೋ ಕರೀತಿದ್ರಿ."

"ನೀನು ಓಗೊಟ್ಟೆಯಾ?"

ಬೈರಣ್ಣ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. "ಇಲ್ಲ ಸಾರ್," ಎಂದ. "ನೀವು ಕರೆದಿದ್ದು ನನ್ನ ಹೆಸರಲ್ಲವಲ್ಲ."

ಮರುದಿನ ಬೆಳಿಗ್ಗೆ ಚನ್ನಬಸವಯ್ಯ ಎಲ್ಲವನ್ನೂ ಬರೆದ ಎರಡು ಹಾಳೆಗಳನ್ನು ಬದರಿನಾಥರ ಮೇಜಿನ ಮೇಲಿಟ್ಟು ನಿಂತ. ಸರ್ಟಿಫಿಕೇಟು, ಕೊಯ್ದ ಹಾಳೆ, ಸುಟ್ಟ ಎಲೆ. ‘ಓ’ ಎಂದದ್ದನ್ನು ಮಾತ್ರ ಬರೆದಿರಲಿಲ್ಲ. ಅವರು ಪೂರ್ತಿ ಓದಿ, ಹಾಳೆಗಳನ್ನು ಅವನ ಕಡೆಗೇ ಸರಿಸಿದರು.

"ಇದನ್ನ ಫೈಲ್ ಮಾಡಿದ್ರೆ ಆ ಡಾಕ್ಟ್ರಿಗೆ, ಟ್ರಸ್ಟಿಗೆ, ನನಗೆ, ಎಲ್ಲರಿಗೂ ತಾಪತ್ರಯ. ನಿಮ್ಮ ಕಾಲಿನ ವಿಷಯ ನನಗೆ ಮೊದಲಿಂದ್ಲೂ ಗೊತ್ತಿತ್ತು ಕಣ್ರೀ. ಪಾಪ, ಹೆದರಿದಾರೆ, ಹೋಗ್ಲಿ ಅಂತ ಸುಮ್ನಿದ್ದೆ." ಪೆನ್ನಿನ ಮುಚ್ಚಳ ಹಾಕಿದರು. "ಆ ಏಳು ಚೌಕ ಏನ್ ಮಾಡಿದ್ರಿ?"

"ಅದನ್ನ ನಾನು ತುಂಬಲ್ಲ ಸಾರ್."

"ಬೇರೆಯವರ ಕೈಲಿ ತುಂಬಿಸ್ತೀನಿ ಬಿಡಿ," ಎಂದರು ಅವರು, ಸಿಟ್ಟಿಲ್ಲದೆ. ಹೊರಗೆ ಬರುವಾಗ ಎರಡು ಕಾಲೂ ಸರಿಯಾಗಿ ಬಿದ್ದವು. ಯಾರೂ ಗಮನಿಸಲಿಲ್ಲ. ಒಂದೂವರೆ ವರ್ಷ ಇಡೀ ಆಫೀಸು ತನ್ನ ಕಾಲನ್ನೇ ನೋಡುತ್ತಿದೆ ಎಂದುಕೊಂಡಿದ್ದವನಿಗೆ, ಗೊತ್ತಿದ್ದೂ ಕರುಣೆಯಿಂದ ಸುಮ್ಮನಿದ್ದರೆಂಬುದು ಬೆತ್ತಲೆ ನಿಲ್ಲಿಸಿದಂತಾಗಿತ್ತು.

ಆ ದಿನವೇ ಮಧ್ಯಾಹ್ನ ರಜೆ ಬರೆದು ಹನುಮಂತನಗರದ ಆ ಮನೆಗೆ ಹೋದ. ಬಾಗಿಲು ತೆಗೆದವರು ವೆಂಕಟಾಚಲನ ತಾಯಿ ಗೌರಮ್ಮ. "ಪತ್ತೆ ಆಯ್ತಾ?" ಎಂದು ಕೇಳಿದರು. ಹಾಲಿನವನನ್ನೂ ಅಂಚೆಯವನನ್ನೂ ಅವರು ಅದನ್ನೇ ಕೇಳುತ್ತಿದ್ದರಂತೆ. ಉತ್ತರಕ್ಕೆ ಕಾಯದೆ ಒಳಗೆ ಹೋದರು. ಕಮಲಾದೇವಿ ಪಡಸಾಲೆಯ ಕಂಬದ ಪಕ್ಕ ನಿಂತಳು; ಕೂತುಕೊಳ್ಳಿ ಎನ್ನಲಿಲ್ಲ. ಅವನು ಕ್ಷಮೆಯ ಮಾತೆತ್ತಲಿಲ್ಲ. ಅದಕ್ಕೆ ಅವನು ಬಂದಿರಲಿಲ್ಲ. ಕೂತದ್ದು, ಕರೆದದ್ದು, ಕೇಳಿದ್ದು, ಬೈರಣ್ಣ ಹೇಳಿದ್ದು, ಇಷ್ಟನ್ನೇ ಸಾಕ್ಷಿ ಹೇಳುವವನಂತೆ ಹೇಳಿದ. ಹೇಳುತ್ತಿರುವಾಗ ತಾನು ಎಂಥ ಕ್ರೂರ ಕೆಲಸ ಮಾಡುತ್ತಿದ್ದೇನೆ ಎಂದು ಅನಿಸಿತು. ಹೇಳದೆ ಇಟ್ಟುಕೊಂಡರೆ ಇನ್ನೊಂದು ಹಾಳೆ ಕೊಯ್ದಂತೆ ಎಂದೂ ಅನಿಸಿತು.

"ಎಷ್ಟು ಸಲ?" ಎಂದಳು.

"ಮೂರು."

"ದನಿ ಹೇಗಿತ್ತು?"

"ಏನೋ ಬರೀತಾ ಕೂತಿರ್ತಾರಲ್ಲ, ಆಗ ಕರೆದ್ರೆ ತಲೆ ಎತ್ತದೇನೇ ಓ ಅಂತಾರಲ್ಲ. ಹಾಗೆ."

ಕಮಲಾದೇವಿಯ ಕೈ ಕಂಬವನ್ನು ಹಿಡಿದುಕೊಂಡಿತು. ಒಳಗೆ ಗೌರಮ್ಮ ಅಕ್ಕಿ ಆರಿಸುತ್ತಿದ್ದ ಮೊರದ ಸದ್ದು ಕೇಳುತ್ತಿತ್ತು. "ಅವರು ಹಾಗೇನೇ ಅಂತಿದ್ದಿದ್ದು," ಎಂದಳು. ಆಮೇಲೆ, ತನಗೆ ತಾನೇ ಹೇಳಿಕೊಳ್ಳುವಂತೆ, "ನಾನು ಒಂದು ಸಲಾನೂ ಹೆಸರು ಹಿಡಿದು ಕರೆದಿಲ್ಲ," ಎಂದಳು.

ಮುಂದಿನ ಗುರುವಾರ ಅವಳು ಬರುವ ಹೊತ್ತಿಗೆ ಕೊನೆಯ ಸಾಲನ್ನು ತುಂಬಲು ಲಾಲ್‌ಬಾಗಿನ ಕಡೆಯಿಂದ ತರಿಸಿದ ಪಾಚಿಯ ಬುಟ್ಟಿಗಳು ಮೆಟ್ಟಿಲ ಪಕ್ಕ ಸಾಲಾಗಿ ಕೂತಿದ್ದವು. ಕೆಲಸದವರು ಮಧ್ಯಾಹ್ನಕ್ಕೆ ಬರುವವರಿದ್ದರು. ಅವಳು ಬುಟ್ಟಿಗಳನ್ನು ದಾಟಿ ಬಂದಳು. ಮೈತುಂಬ ಸೆರಗು ಹೊದ್ದು, ತಲೆಗೆ ಹೂ ಮುಡಿದಿದ್ದಳು. ಮುಡಿಯಬೇಕೋ ಬಾರದೋ ಎಂದು ಇಷ್ಟು ತಿಂಗಳು ಯಾರೂ ತೀರ್ಮಾನಿಸದ ಹೂ. ಹಿತ್ತಾಳೆಯ ಚಕ್ರದ ಕಡೆ ಒಮ್ಮೆ ನೋಡಿ, ಒಳಗೆ ಹೋಗಿ, ಹಾದಿ ಮುಗಿಯುವಲ್ಲಿ ಜಲ್ಲಿಗೆ ಮುಖ ಮಾಡಿ ನಿಂತಳು. ಚನ್ನಬಸವಯ್ಯ ಬಾಗಿಲನ್ನು ತೆರೆದೇ ಇಟ್ಟು ಚಕ್ರ ತಿರುಗಿಸಿದ. ಮಂಜು ಅವಳ ಪಾದ ಮುಚ್ಚಿತು, ಸೆರಗು ಮುಚ್ಚಿತು, ಹೂವು ಮಾತ್ರ ಒಂದು ಕ್ಷಣ ಬೆಳ್ಳಗೆ ತೇಲುವಂತೆ ಕಂಡು ಅದೂ ಹೋಯಿತು. ಬಹಳ ಹೊತ್ತು ಪಂಪಿನ ಸದ್ದೊಂದೇ. ಹೆಸರು ಅವಳ ತುಟಿಯವರೆಗೆ ಬಂದು ನಿಂತಿರಬೇಕು, ಹೊಸ ಭಾಷೆಯ ಮೊದಲ ಪದದಂತೆ. ಅವನು ಚಕ್ರದ ಮೇಲೆ ಕೈಯಿಟ್ಟು, ಅದು ಹೊರಬರಲಿ ಎಂದೂ ಬಾರದಿರಲಿ ಎಂದೂ ಒಟ್ಟಿಗೇ ಬೇಡಿಕೊಳ್ಳುತ್ತಾ ನಿಂತ.

"ರೀ," ಎಂದಳು ಕಮಲಾದೇವಿ.

ಅಡಿಗೆಮನೆಯಿಂದ ಪಡಸಾಲೆಗೆ ಕರೆಯುವಷ್ಟೇ ಸಣ್ಣ ದನಿ. ಎಲೆ ಹಾಕಿದೆ, ಬನ್ನಿ ಎನ್ನುವಂತೆ.

ಚನ್ನಬಸವಯ್ಯ ಚಕ್ರದಿಂದ ಕೈ ತೆಗೆದ. ಉತ್ತರ ಬರುವುದಕ್ಕೆ ಮೊದಲೇ ಮೆಟ್ಟಿಲಿಳಿದು, ಗೇಟು ದಾಟಿ, ಪಂಪಿನ ಸದ್ದು ಕೂಡ ಕಿವಿಗೆ ಬೀಳದಷ್ಟು ದೂರ, ಹೊಸಕೆರೆಹಳ್ಳಿಯ ಕೆರೆ ಏರಿಯವರೆಗೂ ಬಿಸಿಲಿನಲ್ಲಿ ನಡೆದ.